ಹಟ್ಟಿಯೂ ಮನೆಯ ಅಂಗವೇ

ಸ್ಮರಣ ಸಂಪುಟಕ್ಕೆ ಕರಾವಳಿಯ ಅನುಭವವನ್ನು ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ಕಾರ್ಕಳದ ಗೊಮ್ಮಟನನ್ನೋ ಉಡುಪಿಯ ರಥಬೀದಿಯನ್ನೋ ವರ್ಣಿಸಿಬಿಡುವುದು ಸುಲಭವಾಗಿತ್ತು. ಅವುಗಳನ್ನು ಕುರಿತು ಬರೆದವರು ಬಹುಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ದನ ಕಟ್ಟುವ ಹಟ್ಟಿಯನ್ನು ಕುರಿತು. ಸಹೃದಯ ವಾಚಕರು ನಗಬಾರದಾಗಿ ವಿನಂತಿ.

ಬಯಲುಸೀಮೆಯವರಾದ ನಮಗೆ ಹಟ್ಟಿಯೆಂದರೆ ಚಿಕ್ಕ ಊರು. ಉಡುಪಿಯ ಕಡೆ ಹಟ್ಟಿಯೆಂದರೆ ಕೊಟ್ಟಿಗೆ. ಅಧ್ಯಾಪಕ ವೃತ್ತಿಯ ನಿಮಿತ್ತ ಮಣಿಪಾಲಕ್ಕೆ ಹೋದ ಮೊದಲ ವರ್ಷವೇ ಈ ಶಬ್ದದಿಂದ ನನಗೆ ಗಲಿಬಿಲಿಯಾದುದುಂಟು. ನಮ್ಮ ಕಡೆಯ ಹಳೆಯ ಒಕ್ಕಲುಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ಎತ್ತುಗಳು, ಮೇಲಿನ ಪಡಸಾಲೆಯಲ್ಲಿ ಮನುಷ್ಯರು; ಒಂದೇ ಮಾಳಿಗೆಯ ಅಡಿಯಲ್ಲಿ ಎರಡು ಸಂಸಾರ. ಕರಾವಳಿಯ ಗುತ್ತು ಮತ್ತು ಬೀಡಿನ ಮನೆಗಳಲ್ಲಿ ಹಾಗಲ್ಲ. ಚಾವಡಿಯಿಂದ ದೂರದಲ್ಲಿ, ಅಂಗಳದ ಆಚೆ, ಗದ್ದೆಗೂ ತೋಟಕ್ಕೂ ಸಮೀಪವಾಗಿ ಹಟ್ಟಿಯು ಪ್ರತ್ಯೇಕವಾಗಿ ನಿಲ್ಲುತ್ತದೆ.

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನೆಲದಲ್ಲಿ ಅದರ ರಚನೆಯೇ ಒಂದು ಶಾಸ್ತ್ರ. ಮುರಕಲ್ಲಿನ ಅಥವಾ ಮಣ್ಣಿನ ದಪ್ಪ ಗೋಡೆ; ಗೋಡೆಗೂ ಮಾಡಿಗೂ ನಡುವೆ ಗಾಳಿ ಹೊರಳಲು ಬಿಟ್ಟ ತೆರಪು; ಇರಿಚಲು ಒಳಬಾರದಂತೆ ಬಹಳ ಕೆಳಗಿಳಿದ ಇಳಿಜಾರು ಮಾಡು. ಮೊದಲು ಮುಳಿಹುಲ್ಲಿನ ಹೊದಿಕೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕ್ರಮೇಣ ಹೆಂಚು ಬಂದಿತು. ಮೇಲಿನ ಅಟ್ಟದಲ್ಲಿ ಬೈಹುಲ್ಲು, ಕೆಳಗೆ ಮರದ ಮರಿಗೆ. ನೆಲವನ್ನು ಅಂಗಳಕ್ಕಿಂತ ತಗ್ಗಿಸಿರುವುದನ್ನು ಕಂಡು ನಾನು ಅದನ್ನು ದೋಷವೆಂದೇ ಭಾವಿಸಿದ್ದೆ. ಅದೇ ಅದರ ಮರ್ಮವೆಂದು ಅಲ್ಲಿನ ಒಕ್ಕಲಿಗರು ತಿಳಿಸಿದರು. ದಿನವೂ ಸೊಪ್ಪು ಹಾಸುವುದು, ದನಗಳು ಅದನ್ನು ತುಳಿಯುವುದು, ಅದು ಪದರಪದರವಾಗಿ ಏರಿ ಗೊಬ್ಬರವಾಗುವುದು, ಬಳಿಕ ಅದನ್ನು ಹೊತ್ತು ಗದ್ದೆಗೆ ಹಾಕುವುದು. ಆ ಸೊಪ್ಪಿಗಾಗಿಯೇ ವರ್ಗದ ಭೂಮಿಯ ಸುತ್ತಲಿನ ನೂರು ಗಜದಷ್ಟು ಸರಕಾರಿ ಜಾಗದಲ್ಲಿ ಕುಮ್ಕಿ ಎಂಬ ಹಕ್ಕು ಇದ್ದಿತು. ಗುಡ್ಡದ ಎಲೆಯನ್ನು ಗದ್ದೆಯ ಅನ್ನವಾಗಿಸುವ ಕಾರ್ಖಾನೆಯೆಂದು ಹಟ್ಟಿಯನ್ನು ಕರೆದರೆ ಅತಿಶಯೋಕ್ತಿಯಾಗದು.

ಕುದುರೆಲಾಯಗಳು ಅಲ್ಲಿ ಏಕಿಲ್ಲವೆಂದು ಯಾರಾದರೂ ಕೇಳಬಹುದು. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಭಟ್ಕಳವೇ ಮೊದಲಾದ ಬಂದರುಗಳಲ್ಲಿ ಇಳಿದು ಘಟ್ಟವನ್ನು ಏರಿ ಹೋದವು. ಕೆಸರುಗದ್ದೆಯ ನಾಡಿಗೆ ಬೇಕಾದದ್ದು ಕೋಣ.

ಈ ಹಟ್ಟಿಗಳು ಬರಿದಾದುದಕ್ಕೆ ಕಾರಣಗಳು ಹಲವು. 1974ರ ಮಾರ್ಚ್ 1ರಂದು ತಿದ್ದುಪಡಿಯಾದ ಭೂಸುಧಾರಣಾ ಕಾನೂನು ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯಿತು. ಮುಡಿಗಟ್ಟಲೆ ಅಕ್ಕಿ ಬಂದು ಬೀಳುತ್ತಿದ್ದ ದೊಡ್ಡ ಮನೆಗಳ ಆಧಾರವೇ ಕಳಚಿತು. ಅದು ನ್ಯಾಯವಾದ ಕಾನೂನು. ಅದಕ್ಕಾಗಿ ಕಣ್ಣೀರಿಡುವವರ ಗುಂಪಿಗೆ ನಾನು ಸೇರಿದವನಲ್ಲ. ಟಿಲ್ಲರು ಬಂದಿತು, ಮಕ್ಕಳು ಮುಂಬಯಿಗೆ ಹೋದರು. ಹಟ್ಟಿಯನ್ನು ಗುಡಿಸಿ ಗೊಬ್ಬರ ಹೊತ್ತ ಅನೇಕರಿಗೆ ಚಾವಡಿಯ ಮೆಟ್ಟಿಲೇರುವ ಅವಕಾಶವಿರಲಿಲ್ಲವೆಂಬುದನ್ನೂ ಇಲ್ಲಿ ಹೇಳದೆ ಇರಲಾರೆ. ಚಾವಡಿಯ ಕೆತ್ತನೆಯ ಕಂಬಗಳನ್ನು ಮಾತ್ರ ಉಳಿಸಿಕೊಂಡರೆ ಅವರ ಕಾಯಕದ ಗುರುತು ಎಲ್ಲಿ ಉಳಿದೀತು?

ಕಾನೂನಿನ ಕಣ್ಣು ಕಲ್ಲಿನ ಮೇಲೆ ಬೀಳುವಷ್ಟು ಸುಲಭವಾಗಿ ಮಣ್ಣಿನ ಮೇಲೆ ಬೀಳುವುದಿಲ್ಲ. 1432ರ ಗೊಮ್ಮಟ, 1586ರ ಚತುರ್ಮುಖ ಬಸದಿ ಎರಡೂ ಕೇಂದ್ರ ಸರಕಾರದ ಪ್ರಾಚ್ಯವಸ್ತು ಇಲಾಖೆಯ ರಕ್ಷಣೆಯಲ್ಲಿವೆ. ಹಂಪಿಯ ಗಜಶಾಲೆಯೂ ಪ್ರಾಣಿಗಳ ಲಾಯವೆಂದೇ ಪ್ರಸಿದ್ಧವಾದುದು. ಹನ್ನೊಂದು ಗುಮ್ಮಟದ ಕೋಣೆಗಳ ಆ ಕಟ್ಟಡ ರಕ್ಷಿತ ಸ್ಮಾರಕ, ಹಂಪಿಯೋ 1986ರಿಂದ ವಿಶ್ವಪರಂಪರೆಯ ತಾಣ. ಅರಸನ ಆನೆಗೆ ದೊರೆತ ಗೌರವ ಒಕ್ಕಲಿಗನ ಕೋಣಕ್ಕೆ ದೊರೆಯಲಿಲ್ಲ. ಇಂಗ್ಲೆಂಡಿನಲ್ಲಿ ಒಂದು ಹಳೆಯ ಮನೆಯನ್ನು ಸಂರಕ್ಷಣೆಯ ಪಟ್ಟಿಗೆ ಸೇರಿಸಿದರೆ, ಅದರ ಆವರಣದಲ್ಲಿ 1948ರ ಜುಲೈ 1ಕ್ಕೆ ಮೊದಲು ಕಟ್ಟಿದ ಲಾಯ, ಕೊಟ್ಟಿಗೆಗಳೂ ಸಾಮಾನ್ಯವಾಗಿ ಮನೆಯ ಅಂಗವೆಂದೇ ಗಣನೆಗೆ ಬರುತ್ತವೆ. ಈ ವಿವೇಕ ಅನುಕರಣೀಯವಾದುದು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪದ ಪಾರಂಪರಿಕ ಗ್ರಾಮವನ್ನು ನೋಡದೆ ಯಾರೂ ಮರಳಬಾರದು. ಬ್ಯಾಂಕಿನ ನೌಕರರಾಗಿದ್ದ ಆ ಮಹನೀಯರು, ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ತೊಲೆತೊಲೆಯಾಗಿ ಬಿಚ್ಚಿ ತಂದು ಪುನಃ ನಿಲ್ಲಿಸಿದರು. ಹೆಂಗವಳ್ಳಿಯ ಮನೆ, ಕುಕನೂರಿನ ಕಮಲ ಮಹಲು ಅಲ್ಲಿವೆ. ಜಂಗಮ ಮಠವೊಂದನ್ನು ಅಲ್ಲಿ ಕಂಡಾಗ ನನಗಾದ ಸಂತೋಷವನ್ನು ನಮ್ಮ ಶಾಲೆಯವರಿಗೆ ವಿವರಿಸಬೇಕಿಲ್ಲ. ಶೆಣೈಯವರು 2017ರಲ್ಲಿ ತೀರಿಕೊಂಡರು. ಆದರೆ ಮನೆಯನ್ನು ಸ್ಥಳಾಂತರಿಸಬಹುದೇ ಹೊರತು ಅದರ ಗದ್ದೆಯನ್ನೂ ಕುಮ್ಕಿಯನ್ನೂ ತರಲಾಗದು. ಹಟ್ಟಿಯಂತೂ ತಾನಿದ್ದ ನೆಲದಲ್ಲೇ ಉಳಿದರೆ ಮಾತ್ರ ಅರ್ಥವುಳ್ಳದ್ದು.

ಕಂಬಳದ ಕೋಣ ಸಾಕುವ ಮನೆಗಳಲ್ಲಿ ಹಟ್ಟಿ ಇನ್ನೂ ಜೀವಂತವಾಗಿದೆ. ಕಾಪು ತಾಲೂಕಿನ ಕಟಪಾಡಿ, ಕಾರ್ಕಳದ ಮಿಯ್ಯಾರುಗಳಲ್ಲಿ ಕಂಬಳ ನಡೆಯುತ್ತದೆ. 2014ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಅದಕ್ಕೆ ತಡೆ ಬಿದ್ದಿತ್ತು; ರಾಜ್ಯದ ತಿದ್ದುಪಡಿ ಕಾನೂನನ್ನು 2023ರ ಮೇ 18ರಂದು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಕೋಣಕ್ಕೆ ಫ್ಯಾನು ಹಾಕಿರುವ ಹಟ್ಟಿಯನ್ನೂ ನಾನು ನೋಡಿದ್ದೇನೆ! ಉಪಯೋಗದಲ್ಲಿರುವ ಕಟ್ಟಡಕ್ಕಿಂತ ಸುರಕ್ಷಿತವಾದ ಕಟ್ಟಡವಿಲ್ಲ.

ಕಾರ್ಕಳದ ಸಮೀಪದ ಮಿತ್ರರೊಬ್ಬರ ಮನೆಯ ಹಟ್ಟಿಯಲ್ಲಿ ಮಾತ್ರ ಕೋಣಗಳಿರಲಿಲ್ಲ. ಕುಟುಂಬದವರು ಕೂಡಿ ಚಾವಡಿಯನ್ನು ಜೀರ್ಣೋದ್ಧಾರ ಮಾಡಿಸಿ, ನೇಮದ ದಿನ ಬರುವ ವಾಹನಗಳಿಗೆ ಸ್ಥಳ ಬೇಕೆಂದು ಹಟ್ಟಿಯನ್ನು ಕೆಡವಲು ನಿಶ್ಚಯಿಸಿದ್ದರು. ಆಸ್ತಿ ಹನ್ನೊಂದು ಹೆಸರುಗಳಲ್ಲಿತ್ತು. ನಾನು ನಾಲ್ವರು ವಿದ್ಯಾರ್ಥಿಗಳನ್ನು ಕರೆದೊಯ್ದು ಎರಡು ದಿನ ಅಳತೆ ತೆಗೆಸಿದೆ. ಮನೆಯ ಹಿರಿಯಮ್ಮ ಎಳನೀರು ಕೊಡಿಸುತ್ತ, “ಮಾಸ್ಟ್ರೇ, ಚಾವಡಿಯ ಕಂಬ ನೋಡಲು ಎಷ್ಟೋ ಜನ ಬಂದಿದ್ದಾರೆ, ಹಟ್ಟಿ ನೋಡಲು ಬಂದವರು ನೀವೇ ಮೊದಲು” ಎಂದರು. ಆಮೇಲೆ ಒಳಗೆ ಬಂದು, ಯಾವ ಗೂಟದಲ್ಲಿ ಯಾವ ಕೋಣವನ್ನು ಕಟ್ಟುತ್ತಿದ್ದರೆಂದು ಹೆಸರು ಹಿಡಿದು ತೋರಿಸಿದರು; ದೀಪಾವಳಿಯ ಗೋಪೂಜೆಯಂದು ಹಣತೆ ಇಡುತ್ತಿದ್ದ ಗೂಡನ್ನೂ ತೋರಿಸಿದರು. ವಿದ್ಯಾರ್ಥಿಗಳು ನಕ್ಷೆಯಲ್ಲಿ ಆ ಹೆಸರುಗಳನ್ನೂ ಬರೆದುಕೊಂಡರು.

ಆ ನಕ್ಷೆಯನ್ನು ಕಂಡ ಮೇಲೆ ಕುಟುಂಬದವರ ಮಾತಿನ ಧಾಟಿ ಬದಲಾಯಿತು. ವಾಹನಗಳಿಗೆ ತೋಟದ ಅಂಚಿನಲ್ಲಿ ಜಾಗ ಮಾಡಿದರು. ಕಳೆದ ಮಳೆಗಾಲಕ್ಕೆ ಮುನ್ನ ಗೆದ್ದಲು ತಿಂದ ಪಕ್ಕಾಸು, ರೀಪುಗಳನ್ನು ತೆಗೆಸಿ ಹಲಸಿನ ಮರ ಹಾಕಿಸಿ, ಹಳೆಯ ಹೆಂಚನ್ನೇ ತೊಳೆದು ಹೊದೆಸಿದರು. ಹಟ್ಟಿಯನ್ನು ಮುಂದೆಯೂ ಕೆಡವಬಾರದೆಂಬ ಒಡಂಬಡಿಕೆಗೆ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಸಹಿ ಹಾಕಿದ್ದಾರೆ. ಉಳಿದ ಇಬ್ಬರು ಮುಂಬಯಿಯಲ್ಲಿದ್ದಾರೆ; ಮುಂದಿನ ನೇಮಕ್ಕೆ ಊರಿಗೆ ಬರುವರಂತೆ.