ಮರಕ್ಕೆ ಯಾವ ಲಿಂಗ?

ಬೀಡಿ ಎಲೆಯ ತುಮರಿ ಮರ ನಮ್ಮ ಚಿಂಚೋಳಿ ಕಡೆಯವರಿಗೆ ಹೊಸದಲ್ಲ. ಗಡಿಯಾಚೆಯ ತೆಲುಗರಿಗೆ ಅದು ತುನಿಕಿ. ಅದೇ ಮರ ಪುಸ್ತಕದಲ್ಲಿ ‘ಡಯಾಸ್ಪೈರಾಸ್ ಮೆಲನಾಕ್ಸಿಲಾನ್’ ಎಂದು ಬಂದರೆ ಮಕ್ಕಳು ಕಂಗಾಲಾಗುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದ ಅಣ್ಣನ ಮಗಳು, ‘ಕಾಕಾ, ಈ ಹೆಸರಿಗೆ ನನ್ನ ನಾಲಿಗೀನೇ ಹೊಳ್ಳಂಗಿಲ್ರಿ. ಆರ್ಟ್ಸ್‌ಗೆ ಹೋಗ್ತೀನಿ’ ಎಂದಳು.

ಹೆಸರನ್ನು ಬಿಡಿಸಿ ತೋರಿಸಿದೆ. ಗ್ರೀಕಿನಲ್ಲಿ ‘ಡಿಯೋಸ್’ ಎಂದರೆ ದೇವರಾಜ ಜೀಯಸ್‌ನ, ‘ಪೈರೋಸ್’ ಎಂದರೆ ಗೋಧಿ. ‘ಮೆಲಾಸ್’ ಕಪ್ಪು, ‘ಕ್ಸೈಲಾನ್’ ಕಟ್ಟಿಗೆ. ದೇವರ ಗೋಧಿ, ಕರಿಕಟ್ಟಿಗೆ! ಈ ಎರಡನೆಯ ಹೆಸರನ್ನು 1795ರಲ್ಲಿ ಇಟ್ಟವರು ವಿಲಿಯಂ ರಾಕ್ಸ್‌ಬರ್ಗ್.

ವ್ಯಾಕರಣ ಇನ್ನೂ ಸ್ವಾರಸ್ಯ. ‘ಪೈರೋಸ್’ ಗ್ರೀಕಿನಲ್ಲಿ ಪುಲ್ಲಿಂಗ. ಆದರೆ ಲ್ಯಾಟಿನ್ನಿನ ರೂಢಿಯಂತೆ ಮರಗಳು ಹೆಚ್ಚಾಗಿ ಸ್ತ್ರೀಲಿಂಗ. ಹಾಗಾಗಿ ಅಲ್ಲಿಗೆ ಬಂದ ಡಯಾಸ್ಪೈರಾಸ್ ಕೂಡ ಸ್ತ್ರೀಲಿಂಗವಾಯಿತು. ಇದರ ಬಂಧು ಜಗಳಗಂಟಿ ಮರದ ಹೆಸರು ‘ಡಯಾಸ್ಪೈರಾಸ್ ಮೊಂಟಾನಾ’, ‘ಮೊಂಟಾನಸ್’ ಅಲ್ಲ. ಮೊಂಟಾನಾ ಗುಣವಾಚಕ, ಲಿಂಗಕ್ಕೆ ತಕ್ಕಂತೆ ಬದಲಾಯಿತು. ಮೆಲನಾಕ್ಸಿಲಾನ್ ನಾಮಪದ, ಇದ್ದಂತೆಯೇ ನಿಂತಿತು.

‘ನಾವೂ ಹೀಗೇ ಮಾಡಿಲ್ಲವೇನು?’ ಎಂದು ಕೇಳಿದೆ. ಸಂಸ್ಕೃತದಲ್ಲಿ ವೃಕ್ಷ ಪುಲ್ಲಿಂಗ, ಲತಾ ಸ್ತ್ರೀಲಿಂಗ. ಕನ್ನಡದಲ್ಲಿ ವೃಕ್ಷ ಬಿದ್ದಿತು, ಲತೆ ಹಬ್ಬಿತು, ಎರಡೂ ನಪುಂಸಕ. ಎರವಲು ಬಂದ ಮಾತು ಬಂದ ಮನೆಯ ರೀತಿಗೆ ಹೊಂದಿಕೊಳ್ಳುತ್ತದೆ.

ಹುಡುಗಿ ವಿಜ್ಞಾನ ಬಿಡಲಿಲ್ಲ. ತಂದೆತಾಯಿಗಳೇ, ಇಂಥ ಹೆಸರುಗಳನ್ನು ಮಕ್ಕಳಿಂದ ಉರು ಹೊಡೆಸುವ ಮೊದಲು ಒಮ್ಮೆ ಬಿಡಿಸಿ ನೋಡಿ. ಕನ್ನಡ ವ್ಯಾಕರಣ ಓದಿದ ಮಗುವಿನ ಕೈಯಲ್ಲಿ ಆ ಬೀಗದ ಕೀಲಿ ಆಗಲೇ ಇರುತ್ತದೆ.