ಹೂವಾಡಗಿತ್ತಿಯೂ ಹಳೆಯ ಆಟಗಾರರೂ

ಪ್ರಸಿದ್ಧವಾದ ಕಥೆಯನ್ನು ಎರಡನೆಯ ಬಾರಿ ಹೇಳಹೊರಡುವವನ ಪಾಡು ಸುಖಕರವಾದುದಲ್ಲ. ಇದ್ದುದನ್ನು ಇದ್ದಂತೆಯೇ ಹೇಳಿದರೆ, ಹಾಗಾದರೆ ಹೇಳುವ ಅಗತ್ಯವೇನಿತ್ತು ಎಂದು ಕೆಲವರು ಕೇಳುವರು. ಬೇರೆಯಾಗಿ ಹೇಳಿದರೆ, ಕೆಡಿಸುವ ಅಧಿಕಾರವನ್ನು ನಿನಗೆ ಕೊಟ್ಟವರಾರು ಎಂದು ಉಳಿದವರು ಕೇಳುವರು. ಕಾವ್ಯನಾಟಕಗಳ ವಿಷಯದಲ್ಲಿ ಬಹುಕಾಲದಿಂದ ನಡೆದುಬಂದಿರುವ ಈ ವ್ಯಾಜ್ಯವು ಈಗ ವಿಡಿಯೋ ಆಟಗಳ ಜಗಲಿಯನ್ನೂ ಏರಿ ಕುಳಿತಿದೆ. ಜಪಾನಿನಲ್ಲಿ ಹುಟ್ಟಿದ ‘ಫೈನಲ್ ಫ್ಯಾಂಟಸಿ ಸೆವೆನ್’ ಎಂಬ ಆಟವನ್ನು ಅದರ ಕರ್ತೃಗಳೇ ೨೩ ವರ್ಷಗಳ ತರುವಾಯ ಹೊಸದಾಗಿ ಕಟ್ಟಿದಾಗ ಆಟಗಾರರಲ್ಲಿ ಎದ್ದ ವಾದವನ್ನು ಕೇಳಿದವರಿಗೆ, ಇದು ಮಕ್ಕಳು ಹೊತ್ತು ಕಳೆಯುವ ಸಾಮಗ್ರಿಯ ಮಾತೆಂದು ತಳ್ಳಿಹಾಕಲು ಮನಸ್ಸು ಬಾರದು.

ಮೂಲದ ಆಟವು ೧೯೯೭ನೆಯ ಇಸವಿ ಜನವರಿ ೩೧ರಂದು ಸ್ಕ್ವೇರ್ ಎಂಬ ಸಂಸ್ಥೆಯಿಂದ ಪ್ರಕಟವಾಯಿತು. ಸೋನಿ ಕಂಪನಿಯ ಪ್ಲೇಸ್ಟೇಷನ್ ಯಂತ್ರಕ್ಕೆಂದು ಮಾಡಿದ ಮೂರು ಸಿ.ಡಿ.ಗಳಲ್ಲಿ ಆ ಕಥೆಯೆಲ್ಲವೂ ಅಡಗಿತ್ತು. ಯೋಶಿನೋರಿ ಕಿತಾಸೆಯವರು ಅದರ ನಿರ್ದೇಶಕರು; ಹಿರೊನೊಬು ಸಕಾಗುಚಿಯವರು ನಿರ್ಮಾಪಕರು; ಪಾತ್ರಗಳಿಗೆ ರೂಪ ಕೊಟ್ಟವರು ತೆತ್ಸುಯಾ ನೊಮುರಾ; ಸಂಗೀತವು ನೊಬುವೊ ಉಯೆಮತ್ಸು ಅವರದು. ಈ ಜಾತಿಯ ಆಟವನ್ನು ಅರಿಯದವರಿಗಾಗಿ ಒಂದು ಮಾತು. ಇಲ್ಲಿ ಆಡುವವನು ಕಥಾನಾಯಕನ ಪಾತ್ರವನ್ನು ತಾನೇ ವಹಿಸಿ, ಊರೂರು ಸುತ್ತಿ, ಕಂಡವರೊಡನೆ ಮಾತನಾಡಿ, ಶತ್ರುಗಳೊಡನೆ ಕಾದಿ, ಸಂಗಡಿಗರನ್ನು ದಿನದಿನಕ್ಕೆ ಬಲಪಡಿಸುತ್ತ ಮುಂದುವರಿಯಬೇಕು. ಯಾರಿಗೆ ಯಾವ ಆಯುಧ, ಯಾರಿಗೆ ಯಾವ ಮಂತ್ರ ಎಂಬುದನ್ನೆಲ್ಲ ಅವನೇ ನಿರ್ಣಯಿಸಬೇಕು. ಕಾವ್ಯದ ಪಾತ್ರವು ಓದುಗನಿಗೆ ಪರಿಚಿತನಾದರೆ, ಆಟದ ಪಾತ್ರವು ಆಡುವವನು ಕೈಯಾರೆ ಸಾಕಿದ ಕೂಸು. ಈ ಭೇದವನ್ನು ಮರೆತರೆ ಮುಂದಿನ ಜಗಳದ ಕಾವು ಅರ್ಥವಾಗದು.

ಕಥೆಯು ಮಿಡ್ಗಾರ್ ಎಂಬ ನಗರದಲ್ಲಿ ತೊಡಗುವುದು. ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ದುಂಡನೆಯ ಉಕ್ಕಿನ ತಟ್ಟೆ. ಅದರ ಮೇಲೆ ಉಳ್ಳವರ ಮನೆಗಳು. ಅದರ ನೆರಳಿನಲ್ಲಿ, ಆಕಾಶದ ಮುಖವನ್ನೇ ಕಾಣದೆ, ಬಡವರ ಬೀಡು. ಶಿನ್ರಾ ಎಂಬ ಕಂಪನಿಯು ಭೂಮಿಯ ಜೀವಸತ್ತ್ವವನ್ನೇ ಹೀರಿ ಆ ನಗರಕ್ಕೆ ದೀಪ ಬೆಳಗಿಸುತ್ತದೆ. ಅದನ್ನು ಎದುರಿಸುವ ಚಿಕ್ಕ ಗುಂಪಿಗೆ ಕ್ಲೌಡ್ ಎಂಬ ಕೂಲಿಯ ಯೋಧನೊಬ್ಬನು ಬಂದು ಸೇರುವನು. ಪಾಳುಬಿದ್ದ ಇಗರ್ಜಿಯ ನೆಲದಲ್ಲಿ ಹೂ ಬೆಳೆದು ಮಾರುವ ಏರಿತ್ ಎಂಬ ಹುಡುಗಿಯು ಅವನಿಗೆ ಎದುರಾಗುವಳು. ಈ ಹೆಸರಿನಲ್ಲಿಯೂ ಪಾಠಾಂತರವುಂಟು. ಜಪಾನೀ ಲಿಪಿಯಲ್ಲಿ ಕೊನೆಯ ಅಕ್ಷರವು ‘ಸು’ ಎಂದಿರುವುದರಿಂದ, ೧೯೯೭ರ ಇಂಗ್ಲಿಷ್ ಅನುವಾದಕರು ‘ಏರಿಸ್’ ಎಂದು ಬರೆದರು. ಕರ್ತೃಗಳ ಅಭಿಪ್ರೇತವು ‘ಏರಿತ್’ ಎಂದು ಮುಂದೆ ತಿಳಿದುಬಂದಿತು. ಹಳಬರಲ್ಲಿ ಅನೇಕರು ಇಂದಿಗೂ ‘ಏರಿಸ್’ ಎಂದೇ ಕರೆಯುವರು. ತಪ್ಪಾದರೂ ಮೊದಲು ಬಾಯಿಗೆ ಬಂದ ಹೆಸರೇ ಮಗುವಿಗೆ ನಿಲ್ಲುವಂತೆ ಇದೂ ನಿಂತಿದೆ.

ಮೊದಲನೆಯ ಸಿ.ಡಿ. ಮುಗಿಯುವ ಹೊತ್ತಿಗೆ, ಪ್ರಾರ್ಥನೆಗೆ ಕುಳಿತ ಆ ಹೂವಾಡಗಿತ್ತಿಯನ್ನು ಸೆಫಿರೋತ್ ಎಂಬ ಖಳನು ಮೇಲಿನಿಂದೆರಗಿ, ತನ್ನ ನೀಳವಾದ ಖಡ್ಗದಿಂದ ಬೆನ್ನಿನ ಕಡೆಯಿಂದ ಇರಿಯುವನು. ಅವಳು ಒಂದು ಮಾತನ್ನೂ ಆಡದೆ ಬೀಳುವಳು. ಒಡನೆಯೇ ಒಂದು ಕಾಳಗ ನಡೆಯುವುದು. ಆದರೆ ರೂಢಿಯ ಯುದ್ಧವಾದ್ಯವು ಮೊಳಗದು, ಆಕೆಯ ರಾಗವೇ ಮುಂದುವರಿದು ನುಡಿಯುತ್ತಿರುವುದು. ಬಳಿಕ ಕ್ಲೌಡನು ಆಕೆಯನ್ನು ತೋಳಿನಲ್ಲಿ ಹೊತ್ತು ಕೊಳಕ್ಕಿಳಿದು ನೀರಿಗೆ ಒಪ್ಪಿಸುವನು. ತೆರೆಯ ಮೇಲಿನ ಆ ಗೊಂಬೆಗಳು ಇಂದಿನ ದೃಷ್ಟಿಗೆ ಬಹು ಒರಟಾದವು. ಕೈಗಳು ಮರದ ತುಂಡಿನಂತಿದ್ದವು. ಬಾಯಿಂದ ಧ್ವನಿ ಹೊರಡುತ್ತಿರಲಿಲ್ಲ, ಮಾತೆಲ್ಲವೂ ಬರಹದಲ್ಲಿ. ಆದರೂ ಅದನ್ನು ಕಂಡು ಕಣ್ಣೀರು ಹಾಕಿದವರು ಹಲವು ದೇಶಗಳಲ್ಲಿದ್ದರು. ಕಥೆಗಳಲ್ಲಿ ಮರಣವು ತ್ಯಾಗದ ಆಡಂಬರದೊಡನೆ ಬರುವುದನ್ನು ಬಿಟ್ಟು, ಬಾಳಿನಲ್ಲಿ ಬರುವಂತೆಯೇ ಹಠಾತ್ತನೆ ಬಂದು ಬರಿಯ ಶೂನ್ಯವನ್ನು ಉಳಿಸಿ ಹೋಗಬೇಕೆಂಬುದು ತಮ್ಮ ಉದ್ದೇಶವಾಗಿತ್ತೆಂದು ಕಿತಾಸೆಯವರು ಮುಂದೆ ವಿವರಿಸಿರುವರು. ಆ ಶೂನ್ಯವು ಆಟದ ಲೆಕ್ಕದಲ್ಲಿಯೂ ಉಳಿಯುತ್ತಿತ್ತು. ಅಷ್ಟು ದಿನ ಬೆಳೆಸಿದ ಒಬ್ಬ ಸಂಗಡಿಗಳ ಸ್ಥಾನವು ಬರಿದಾಗಿ, ಮುಂದಿನ ಎರಡು ಸಿ.ಡಿ.ಗಳಲ್ಲಿಯೂ ಅದು ತುಂಬುತ್ತಿರಲಿಲ್ಲ.

ಆಟಗಾರರು ಅದನ್ನು ಒಪ್ಪಿಕೊಳ್ಳಲಿಲ್ಲ. ಯಾವುದೋ ಗುಪ್ತವಾದ ಕಾರ್ಯವನ್ನು ಮಾಡಿದರೆ ಆಕೆಯು ಬದುಕಿ ಬರುವಳೆಂಬ ವದಂತಿಗಳು ವರ್ಷಗಟ್ಟಲೆ ಹಬ್ಬಿದವು. ಮೂಲೆಮೂಲೆಯನ್ನು ತಡಕಿದರು, ಎಲ್ಲರನ್ನೂ ಮಾತನಾಡಿಸಿದರು, ಮೊದಲಿನಿಂದ ಮತ್ತೆ ಆಡಿದರು. ಅಂತಹ ಮಾರ್ಗವೊಂದೂ ಆಟದಲ್ಲಿ ಇರಲಿಲ್ಲ.

೨೦೦೫ರಲ್ಲಿ ಸೋನಿಯವರು ತಮ್ಮ ಮುಂಬರುವ ಯಂತ್ರದ ಸಾಮರ್ಥ್ಯವನ್ನು ತೋರಿಸಲು ಈ ಆಟದ ಆರಂಭದ ದೃಶ್ಯವನ್ನೇ ಹೊಸ ಚಿತ್ರಗಳಲ್ಲಿ ಪ್ರದರ್ಶಿಸಿದಾಗ, ಇನ್ನೇನು ಹೊಸ ಆಟವು ಬಂದೇಬಿಟ್ಟಿತೆಂದು ಜನರು ನಂಬಿದರು. ಅದು ಪ್ರದರ್ಶನಕ್ಕೆಂದು ಮಾಡಿದ್ದು ಮಾತ್ರ. ನಿಜವಾದ ಘೋಷಣೆಗೆ ೨೦೧೫ರ ಜೂನ್ ತಿಂಗಳವರೆಗೆ ಕಾಯಬೇಕಾಯಿತು. ಆಟವು ಕೈಗೆ ಬಂದದ್ದು ೨೦೨೦ರ ಏಪ್ರಿಲ್ ೧೦ರಂದು, ಸಾಂಕ್ರಾಮಿಕದ ಕಾರಣದಿಂದ ಲೋಕವೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದ ದಿನಗಳಲ್ಲಿ. ನೊಮುರಾ ಅವರು ನಿರ್ದೇಶಕರು, ಕಿತಾಸೆಯವರು ಈ ಸಲ ನಿರ್ಮಾಪಕರು. ಮೂರು ದಿನಗಳಲ್ಲಿ ೩೫ ಲಕ್ಷಕ್ಕೂ ಮಿಕ್ಕ ಪ್ರತಿಗಳು ಹೊರಟುಹೋದವೆಂದು ಸಂಸ್ಥೆಯು ಪ್ರಕಟಿಸಿತು. ೧೯೯೭ರಲ್ಲಿ ಹದಿನಾಲ್ಕರ ಹುಡುಗನಾಗಿ ಅತ್ತಿದ್ದವನು ಈಗ ಮೂವತ್ತೇಳರ ಗೃಹಸ್ಥನಾಗಿ, ಮಕ್ಕಳು ಮಲಗಿದ ಮೇಲೆ, ತನ್ನ ಬಾಲ್ಯವನ್ನು ಮರಳಿ ಪಡೆಯಲು ಕುಳಿತನು.

ಅವನಿಗೆ ಸಿಕ್ಕಿದ್ದು ಮಿಡ್ಗಾರ್ ನಗರವೊಂದೇ. ಮೂಲದಲ್ಲಿ ಕೆಲವೇ ಗಂಟೆಗಳಲ್ಲಿ ದಾಟಿಹೋಗುತ್ತಿದ್ದ ಮೊದಲ ಕಾಂಡವನ್ನು ಇಲ್ಲಿ ಮೂವತ್ತು ನಲವತ್ತು ಗಂಟೆಗಳಿಗೆ ಹಿಗ್ಗಿಸಿದ್ದರು. ಮೆಚ್ಚಿದವರು ಇದನ್ನೇ ಮೆಚ್ಚಿದರು. ಹಿಂದೆ ಹೆಸರಿಗೆ ಮಾತ್ರವಿದ್ದ ಜೆಸ್ಸಿ, ಬಿಗ್ಸ್, ವೆಜ್ ಎಂಬ ಬಂಡಾಯಗಾರರಿಗೆ ಇಲ್ಲಿ ಮನೆಯುಂಟು, ತಾಯಿತಂದೆಗಳುಂಟು, ಹಾಸ್ಯವುಂಟು. ಆದುದರಿಂದ ಕಂಪನಿಯು ಬಡವರ ಮೇಲೆ ತಟ್ಟೆಯನ್ನೇ ಕೆಡಹುವಾಗ ಸತ್ತವರು ಯಾರೆಂಬುದು ಆಟಗಾರನಿಗೆ ಚೆನ್ನಾಗಿ ಗೊತ್ತಿರುವುದು. ತಲೆಯೆತ್ತಿದರೆ ಆ ಉಕ್ಕಿನ ಮಾಡು ನಿಜವಾಗಿಯೂ ನೆತ್ತಿಯ ಮೇಲಿದೆಯೆಂಬ ಭಾರವು ತಿಳಿಯುವುದು. ಯಂತ್ರದ ಪುಟ್ಟ ಗಂಟಲಿನಿಂದ ಹೊರಟಿದ್ದ ಹಳೆಯ ರಾಗಗಳನ್ನು ವಾದ್ಯವೃಂದವು ನುಡಿಸಿದಾಗ ರೋಮಾಂಚಗೊಂಡವರು ನಿಂದಕರ ಪಂಗಡದಲ್ಲಿಯೂ ಇದ್ದರು.

ಬೆಳೆಸಿದ್ದೆಲ್ಲವೂ ಬೆಳೆಯಲಿಲ್ಲ ಎಂಬುದೂ ದಿಟ. ಕಳೆದುಹೋದ ಬೆಕ್ಕುಗಳನ್ನು ಹುಡುಕಿಕೊಡುವ ಕೆಲಸಕ್ಕೆ ಲೋಕವನ್ನುಳಿಸಹೊರಟ ಯೋಧನನ್ನು ಕಳುಹುವುದು ಹೊಟ್ಟೆ ತುಂಬಿಸಲು ನೀರು ಬೆರಸಿದ ಮಜ್ಜಿಗೆಯಂತಾಯಿತು. ಕ್ಲೌಡನ ಬಾಡಿಗೆಯ ಕೋಣೆಯ ಬಾಗಿಲೊಂದು ಮಸುಕುಮಸುಕಾದ ಚಿತ್ರವಾಗಿ ನಿಂತಿದ್ದುದು ಲೋಕದ ನಗೆಗೆ ಗುರಿಯಾಯಿತು. ಅಷ್ಟು ವೈಭವದ ಅರಮನೆ ಕಟ್ಟಿದವರು ಆ ಒಂದು ಬಾಗಿಲಿಗೆ ಬಣ್ಣ ಹೊಡೆಯಲು ಮರೆತರೆಂದು ಆಡಿಕೊಂಡರು. ಕಾಳಗದ ಕ್ರಮವೂ ಮಾರ್ಪಟ್ಟಿತ್ತು. ಮೊದಲು ಪ್ರತಿಯೊಬ್ಬನ ಸರದಿಯ ಪಟ್ಟಿ ತುಂಬುವವರೆಗೆ ಕಾದು, ಯೋಚಿಸಿ, ಆಜ್ಞೆ ಕೊಡುತ್ತಿದ್ದರು. ಈಗ ಕ್ಷಣಕ್ಷಣವೂ ಕೈಯಾಡಿಸಿ ಹೊಡೆಯುತ್ತ, ತಪ್ಪಿಸಿಕೊಳ್ಳುತ್ತ, ಪಟ್ಟಿ ತುಂಬಿದಾಗ ಕಾಲವನ್ನು ನಿಧಾನಗೊಳಿಸಿ ಆಜ್ಞೆ ಕೊಡಬೇಕು. ತರುಣರು ಇದನ್ನು ಕೊಂಡಾಡಿದರು. ಚದುರಂಗವನ್ನು ಬಯಸಿ ಬಂದವರಿಗೆ ಗರಡಿಮನೆಯ ಬಾಗಿಲು ತೋರಿಸಿದಂತಾಯಿತೆಂದು ಹಿರಿಯರು ನೊಂದರು. ಅವರಿಗಾಗಿ ಹಳೆಯ ಮಾದರಿಯೊಂದನ್ನು ಇಟ್ಟಿದ್ದರೂ ಅದು ಅತ್ಯಂತ ಸುಲಭವಾದ ಮಟ್ಟದಲ್ಲಿ ಮಾತ್ರ ದೊರೆಯುತ್ತಿತ್ತು. ೨೦೨೧ರ ಜೂನಿನ ಆವೃತ್ತಿಯಲ್ಲಿ ಅದನ್ನು ತಿದ್ದಿದರು.

ಇವೆಲ್ಲ ಅಡಿಗೆಯ ಉಪ್ಪುಹುಳಿಯ ಮಾತು. ಹೆಚ್ಚಿನ ನೋವು ಸೆಫಿರೋತನ ವಿಷಯದಲ್ಲಿ ಆಯಿತು. ಮೂಲದ ಮಿಡ್ಗಾರಿನಲ್ಲಿ ಅವನು ಕಾಣಿಸುವುದೇ ಇಲ್ಲ. ಸೆರೆಮನೆಯ ಬಾಗಿಲು ತಾನಾಗಿ ತೆರೆದಿರುವುದು. ಹೊರಗೆ ರಕ್ತದ ಜಾಡು. ಅದನ್ನು ಹಿಡಿದು ಮೇಲೇರಿದರೆ ಕಂಪನಿಯ ಅಧ್ಯಕ್ಷನು ಬೆನ್ನಿನಲ್ಲಿ ಖಡ್ಗ ನಾಟಿ ಸತ್ತಿರುವನು. ಇಷ್ಟರಿಂದಲೇ ಎದೆ ನಡುಗುತ್ತಿತ್ತು. ಹೊಸದರಲ್ಲಿ ಎರಡನೆಯ ಅಧ್ಯಾಯದಲ್ಲಿಯೇ ಅವನು ಕ್ಲೌಡನ ಕಣ್ಣೆದುರು ನಿಂತು ಮಾತನಾಡುವನು, ಕೊನೆಗೆ ಕಾದಲೂ ಬರುವನು. ಎಲ್ಲರಿಗೂ ಗೊತ್ತಿರುವ ಖಳನನ್ನು ಮರೆಯಲ್ಲಿಟ್ಟು ಫಲವೇನೆಂದು ಸಮರ್ಥಿಸಿದವರುಂಟು. ಆದರೆ ವ್ಯಂಜನೆಯಿಂದ ಆಗಬೇಕಾದ ಕೆಲಸವನ್ನು ವಾಚ್ಯದಿಂದ ಮಾಡಹೋದಾಗ ರಸವು ಇಳಿಯುವುದೆಂಬುದನ್ನು ಅಲಂಕಾರಶಾಸ್ತ್ರ ಓದದ ಆಟಗಾರನೂ ಇಲ್ಲಿ ಕಂಡುಕೊಂಡನು; ಈ ಒಂದು ಆಕ್ಷೇಪಣೆಗೆ ಸರಿಯಾದ ಸಮಾಧಾನವು ಹೊರಟಂತಿಲ್ಲ.

ಇನ್ನು ಪ್ರೇತಗಳ ಮಾತು. ಬೂದುಬಣ್ಣದ ನಿಲುವಂಗಿ ತೊಟ್ಟ ಛಾಯೆಗಳು ಹೊಸ ಕಥೆಯಲ್ಲಿ ಅಲ್ಲಲ್ಲಿ ಸುಳಿಯುವವು. ಕಥೆಯು ಹಳೆಯ ಜಾಡನ್ನು ಬಿಟ್ಟು ಸರಿಯುವಂತಾದೊಡನೆ ಅವು ಬಂದು ಮರಳಿ ಜಾಡಿಗೆ ತಳ್ಳುವವು. ಕ್ಲೌಡನನ್ನು ಬಿಟ್ಟುಹೋಗುವರೆಂದಾದರೆ ಜೆಸ್ಸಿಯ ಕಾಲಿಗೆ ಪೆಟ್ಟು ಮಾಡಿ ಅವನು ಹೋಗಲೇಬೇಕಾಗುವಂತೆ ಮಾಡುವವು. ಸಾಯಬಾರದ ಬ್ಯಾರೆಟ್ಟನಿಗೆ ಸೆಫಿರೋತನ ಖಡ್ಗ ನಾಟಿದರೆ ಅವನನ್ನು ಬದುಕಿಸುವವು. ವಿಧಿಯ ಕಾವಲುಗಾರರಿವು ಎಂದು ಕಥೆ ಹೇಳುವುದು. ಒಂದು ಅಕ್ಷರವೂ ಬದಲಾಗಬಾರದೆಂದು ಹಠ ಹಿಡಿದ ತಮ್ಮನ್ನೇ ಕರ್ತೃಗಳು ಈ ಪ್ರೇತಗಳಾಗಿ ಚಿತ್ರಿಸಿರುವರೆಂದು ಹಳೆಯ ಆಟಗಾರರಿಗೆ ಹೊಳೆಯಲು ತಡವಾಗಲಿಲ್ಲ. ಕಡೆಯಲ್ಲಿ ನಾಯಕರು ಆ ವಿಧಿಯನ್ನೇ ಎದುರಿಸಿ ಗೆಲ್ಲುವರು. ಮುಂದಿನದು ಹೇಗೂ ಆಗಬಹುದೆಂಬಲ್ಲಿಗೆ ಆಟವು ನಿಲ್ಲುವುದು. ಕೆಲವರು ಕೈತಟ್ಟಿದರು. ಕೆಲವರು, ತಾವು ಕಾಸು ಕೊಟ್ಟು ತಮ್ಮ ಮೇಲೆಯೇ ಬೈಗುಳ ಕೇಳಿಬಂದಂತಾಯಿತೆಂದರು.

ಹಾಗಾದರೆ ಹೂವಾಡಗಿತ್ತಿಯು ಉಳಿಯುವಳೋ? ನಾಲ್ಕು ವರ್ಷ ಇದೊಂದೇ ಚರ್ಚೆ. ೨೦೨೪ರ ಫೆಬ್ರವರಿ ೨೯ರಂದು ‘ರೀಬರ್ತ್’ ಎಂಬ ಎರಡನೆಯ ಭಾಗವು ಬಂದಿತು. ನವೊಕಿ ಹಮಗುಚಿಯವರು ಅದರ ನಿರ್ದೇಶಕರು. ಕೊನೆಯ ದೃಶ್ಯವನ್ನು ಅಲ್ಲಿಯೇ, ಆ ಪ್ರಾರ್ಥನೆಯ ವೇದಿಕೆಯಲ್ಲಿಯೇ, ತಂದು ನಿಲ್ಲಿಸಿದ್ದರು. ಖಡ್ಗವು ಇಳಿಯುವುದು, ಕ್ಲೌಡನು ಅದನ್ನು ತಡೆದಂತೆ ಒಂದು ಕ್ಷಣ ತೋರುವುದು, ಮರುಕ್ಷಣ ರಕ್ತ ಕಾಣುವುದು, ಎರಡು ನೋಟಗಳೂ ಒಂದರ ಮೇಲೊಂದು ಮಿಣುಕುವವು. ಸಂಗಡಿಗರ ಪಾಲಿಗೆ ಆಕೆಯು ಸತ್ತಿರುವಳು, ಅವರು ಕೊಳದ ದಡದಲ್ಲಿ ಅಳುತ್ತಿರುವರು. ಕ್ಲೌಡನ ಕಣ್ಣಿಗೆ ಮಾತ್ರ ಅವಳು ಬದುಕಿರುವಳು, ನಗುತ್ತ ಅವನೊಡನೆ ಮಾತನಾಡುವಳು. ನೀರಿಗೊಪ್ಪಿಸುವ ಆ ಹಳೆಯ ದೃಶ್ಯವನ್ನು ತೋರಿಸಲೇ ಇಲ್ಲ.

ಸಂಸ್ಕೃತ ಬಲ್ಲವರಿಗೆ ಇಲ್ಲಿ ಭವಭೂತಿಯ ನೆನಪಾಗದಿರದು. ಸೀತೆಯು ಭೂಮಿಯಲ್ಲಿ ಮರೆಯಾದಳೆಂದು ರಾಮಾಯಣದ ಉತ್ತರಕಾಂಡವು ಹೇಳುತ್ತಿರಲು, ಆತನು ‘ಉತ್ತರರಾಮಚರಿತ’ದ ಏಳನೆಯ ಅಂಕದಲ್ಲಿ ಅವಳನ್ನು ರಾಮನಿಗೆ ಮರಳಿ ಕೊಟ್ಟನು. ಅದಕ್ಕೂ ಮುನ್ನ ಮೂರನೆಯ ಅಂಕದಲ್ಲಿ, ಗಂಗೆಯ ವರದಿಂದ ಅದೃಶ್ಯಳಾದ ಸೀತೆಯನ್ನು ರಾಮನ ಪಕ್ಕದಲ್ಲಿಯೇ ನಿಲ್ಲಿಸಿದನು. ರಾಮನಿಗೆ ಅವಳು ಕಾಣಳು. ಸ್ಪರ್ಶ ಮಾತ್ರ ತಿಳಿಯುವುದು. ಜತೆಗಿದ್ದ ವಾಸಂತಿಗೆ ಅದೂ ಇಲ್ಲ. ಕಾಣುವವರು ಕಾಣದವರು ಇಲ್ಲಿ ತಿರುವುಮುರುವಾಗಿದ್ದರೂ ಎರಡೂ ಕಡೆ ಹೂಟವು ಒಂದೇ. ಆದರೂ ಭವಭೂತಿಯ ನೋಟಕನು ಆ ಅಂಕದಲ್ಲಿ ಕರಗುವನು, ಈ ಆಟದ ಆಟಗಾರರಲ್ಲಿ ಅನೇಕರು ಗೊಂದಲಗೊಂಡರು. ನಾಟಕದಲ್ಲಿ ಸೀತೆ ಇರುವಳೆಂಬುದು ನೋಟಕನಿಗೆ ನಿಶ್ಚಯವಾಗಿ ಗೊತ್ತು. ರಾಮನಿಗೆ ಗೊತ್ತಿಲ್ಲವೆಂಬುದರಿಂದಲೇ ಕರುಣವು ಉಕ್ಕುವುದು. ಇಲ್ಲಿಯಾದರೋ, ಆಕೆಯು ಇರುವಳೋ ಇಲ್ಲವೋ ಎಂಬುದು ಆಟಗಾರನಿಗೇ ಗೊತ್ತಾಗದು. ಅಳಬೇಕೋ ಸಮಾಧಾನಪಡಬೇಕೋ ಎಂದು ವಿಚಾರಿಸುತ್ತ ಕುಳಿತವನಿಗೆ ಅಳು ಬಾರದು. ಕಥೆಯನ್ನು ಮೂರು ಭಾಗಗಳಲ್ಲಿ ಹೇಳುವೆವೆಂದು ೨೦೨೨ರಲ್ಲಿಯೇ ಪ್ರಕಟಿಸಿದ್ದವರು ಎರಡನೆಯದರ ಕೊನೆಗೆ ಉತ್ತರವನ್ನು ಕಟ್ಟಿಡುವುದು ಸಹಜವೆಂದು ಕೆಲವರು ಸಮರ್ಥಿಸಿದರು. ಶೋಕವನ್ನು ಮುಂದಿನ ಕಂತಿಗೆ ಬಾಕಿಯಿಡಲು ಆಗುವುದೇ ಎಂದು ಉಳಿದವರು ಕೇಳಿದರು, ಮತ್ತು ಅವರ ಪ್ರಶ್ನೆಯು ಹೆಚ್ಚು ತೂಕದ್ದು.

ವಿಚಿತ್ರವೆಂದರೆ, ಹೀಗೆ ಕೇಳಿದವರಲ್ಲಿ ೧೯೯೭ರ ತರುವಾಯ ಆಕೆಯನ್ನು ಬದುಕಿಸುವ ಗುಪ್ತಮಾರ್ಗಕ್ಕಾಗಿ ಮೂಲೆಮೂಲೆ ತಡಕಿದ್ದವರೂ ಇದ್ದರು. ಅಂದು ಬೇಡಿದ್ದು ಇಂದು ಅರೆಬರೆಯಾಗಿ ಕೈಗೆ ಬಂದಾಗ ಅವರಿಗೆ ಬೇಡವಾಯಿತು. ಇಷ್ಟು ವರ್ಷಗಳಲ್ಲಿ ಅವರೂ ತಮ್ಮ ತಮ್ಮ ಮನೆಗಳಲ್ಲಿ ಯಾರನ್ನಾದರೂ ಕಳೆದುಕೊಂಡಿರಬಹುದು. ಒರಟು ಗೊಂಬೆಯೊಂದು ನೀರಿನಲ್ಲಿ ಮುಳುಗಿದ ಆ ದೃಶ್ಯವು ಅವರಿಗೆ ಮೊದಲ ಪಾಠದಂತೆ ಜತೆಗಿದ್ದಿರಬಹುದು.

೨೦೨೦ರಲ್ಲಿಯೇ ಈ ಕಥೆಯನ್ನು ಮೊದಲ ಬಾರಿ ಕಂಡ ಕಿರಿಯರಿಗೆ ಈ ಸಂಕಟವಿಲ್ಲ. ಅವರಿಗೆ ಪ್ರೇತಗಳು ಬರಿಯ ಪ್ರೇತಗಳು, ಏನನ್ನು ಕಾಯುತ್ತಿವೆಯೋ ತಿಳಿಯದು. ಅದನ್ನು ತಿಳಿಯಲೆಂದೇ ಅವರಲ್ಲಿ ಕೆಲವರು ಹಳೆಯ ಆಟವನ್ನು ಹುಡುಕಿ ಆಡತೊಡಗಿದರು. ಅದು ಹೊಸ ಯಂತ್ರಗಳಿಗೂ ಬಂದಿರುವುದರಿಂದ ದೊರೆಯುವುದು ಕಷ್ಟವಲ್ಲ. ಮರದ ತುಂಡಿನಂತಹ ಕೈಗಳನ್ನು ಕಂಡು ಮೊದಲು ನಗುವರು, ಧ್ವನಿಯಿಲ್ಲದ ಮಾತುಗಳನ್ನು ಓದಲು ಬೇಸರಪಡುವರು. ಪಕ್ಕದಲ್ಲಿ ಕುಳಿತ ಹಿರಿಯನು, ಮುಂದೇನಾಗುವುದೆಂದು ಬಲ್ಲವನು, ಏನನ್ನೂ ಹೇಳದೆ ಮೊದಲನೆಯ ಸಿ.ಡಿ.ಯ ಕೊನೆ ಬರುವವರೆಗೆ ಕಾಯುತ್ತಿರುವನು.