ಬಿರಡೆಯ ಕೆಲಸ, ಮಣಿಯ ಕೆಲಸ

ತಂಬೂರಿ ಶ್ರುತಿ ಮಾಡುವವರು ಮೊದಲು ಬಿರಡೆ ತಿರುಗಿಸುತ್ತಾರೆ, ಆಮೇಲೆ ಮಣಿ ಜಾರಿಸುತ್ತಾರೆ. ಬಿರಡೆ ಮುಟ್ಟದೆ ಮಣಿಯನ್ನೇ ನಂಬಿದವರ ಕಛೇರಿ ಶುರುವಾಗುವುದೇ ಇಲ್ಲ. ಕ್ಯಾಂಪರ್ ವ್ಯಾನಿನ ಮಂಚದಡಿ ಇಡುವ ಲಿಥಿಯಂ ಬ್ಯಾಟರಿಯನ್ನು ಕೈಯಾರೆ ಕಟ್ಟುವುದರಲ್ಲಿ ನನಗೆ ರುಚಿಸುವುದು ಈ ಬಿರಡೆಯ ಕೆಲಸವೇ, ಅಂದರೆ ಸೆಲ್ಲುಗಳನ್ನು ಮೊದಲೇ ಸಮ ಮಾಡಿಕೊಳ್ಳುವುದು. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳು ನಾಲ್ಕು, ಒಂದೊಂದು 3.2 ವೋಲ್ಟಿನವು, ಸಾಲಾಗಿ ಜೋಡಿಸಿದರೆ 12.8. ಸಾಲಿನಲ್ಲಿ ಹರಿಯುವ ಕರೆಂಟು ನಾಲ್ಕಕ್ಕೂ ಒಂದೇ, ಆದರೆ ಹೊಟ್ಟೆ ಒಂದೇ ಹದಕ್ಕೆ ತುಂಬಿರುವುದಿಲ್ಲ. ಮೊದಲು ತುಂಬಿದ್ದು 3.65 ವೋಲ್ಟ್ ದಾಟಿತೋ, ಕಾವಲಿಗಿರುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಚಾರ್ಜು ನಿಲ್ಲಿಸುತ್ತದೆ. ಮೊದಲು ಬರಿದಾದದ್ದು 2.5ರ ಹತ್ತಿರ ಬಂದರೆ ವ್ಯಾನಿನ ದೀಪವೇ ಆರುತ್ತದೆ. ಪಂಕ್ತಿಯಲ್ಲಿ ಒಬ್ಬರು ಎದ್ದರೆ ಎಲ್ಲರೂ ಎದ್ದಂತೆ.

ಸೆಲ್ಲುಗಳನ್ನು ಸಮ ಮಾಡಲೆಂದೇ ಬಿಎಂಎಸ್ ಇದೆಯಲ್ಲ, ನಿಮಗೇಕೆ ಈ ಉಸಾಬರಿ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. 280 ಆಂಪಿಯರ್-ಅವರಿನ ಸೆಲ್ಲೊಂದು ಉಳಿದವಕ್ಕಿಂತ ನೂರಕ್ಕೆ ಐದರಷ್ಟು ಮುಂದಿದ್ದರೆ ವ್ಯತ್ಯಾಸ 14 ಆಂಪಿಯರ್-ಅವರ್. ಸಾಧಾರಣ ಬಿಎಂಎಸ್ ಹೆಚ್ಚಿನದನ್ನು ರೆಸಿಸ್ಟರಿನಲ್ಲಿ ಶಾಖವಾಗಿ ಸುಡುತ್ತದೆ, ಅದೂ 0.1 ಆಂಪಿಯರಿನ ಆಸುಪಾಸಿನಲ್ಲಿ. ಅಂದರೆ 140 ಗಂಟೆ. ಸುಡುವುದೂ ಸೆಲ್ಲು ತುಂಬುವ ಕೊನೆಯ ಹಂತದಲ್ಲಿ ಮಾತ್ರ; ಸೋಲಾರ್‌ ಕೃಪೆಯಿಂದ ದಿನಕ್ಕೊಂದು ಗಂಟೆ ಅಲ್ಲಿ ನಿಂತರೂ ನಾಲ್ಕು ತಿಂಗಳು ದಾಟಿತು. ಇದು ಮಣಿ, ಬಿರಡೆಯಲ್ಲ. ಹಾಗಾದರೆ ಒಂದೆರಡು ಆಂಪಿಯರ್ ಸಾಗಿಸುವ ಆ್ಯಕ್ಟಿವ್ ಬ್ಯಾಲೆನ್ಸರ್ ಹಾಕಿ, ಸದಾ ಚಾಲೂ ಇರಲಿ ಎಂದರೆ? ಅಲ್ಲೇ ಎಡವಟ್ಟು. ಈ ಜಾತಿಯ ಸೆಲ್ಲಿನ ವೋಲ್ಟೇಜು ನಡುದಾರಿಯಲ್ಲಿ ಬಯಲುಸೀಮೆಯ ರಸ್ತೆಯಷ್ಟು ಸಪಾಟು. ಅರ್ಧ ತುಂಬಿದ್ದಕ್ಕೂ ಮುಕ್ಕಾಲು ತುಂಬಿದ್ದಕ್ಕೂ ಅಂತರ ತೀರಾ ಕಡಿಮೆ. ಲೋಡು ಬಿದ್ದಾಗ ಅಲ್ಲಿ ಕಾಣುವ ಏರುಪೇರು ಒಳಪ್ರತಿರೋಧದ್ದೂ ಇರಬಹುದು. ಅದನ್ನು ನಂಬಿದ ಬ್ಯಾಲೆನ್ಸರು ಹಸಿದ ಸೆಲ್ಲಿನಿಂದಲೇ ಕಿತ್ತು ತುಂಬಿದ್ದಕ್ಕೆ ಕೊಟ್ಟೀತು.

ನಿಜ ಹೊರಬೀಳುವುದು ಸೆಲ್ಲು ಪೂರ್ತಿ ತುಂಬುವ ತುದಿಯಲ್ಲಿ. ಆದ್ದರಿಂದ ಮೊದಲು ಬಿಎಂಎಸ್ ತಡೆಯುವವರೆಗೆ ಸಾಲಿನಲ್ಲೇ ಚಾರ್ಜು ಮಾಡಿ, ಆಮೇಲೆ ಸಾಲು ಬಿಚ್ಚಿ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ (ಪಾನಾದ ಹಿಡಿಗೆ ಟೇಪು ಸುತ್ತಿರಲಿ, ಜಾರಿ ಅಡ್ಡಬಿದ್ದರೆ ಕಿಡಿಯಲ್ಲ, ಕುಲುಮೆ) ಪವರ್ ಸಪ್ಲೈಯನ್ನು ತಂತಿ ಸಿಕ್ಕಿಸುವ ಮೊದಲೇ 3.65ಕ್ಕೆ ಕಟ್ಟಿ ಕಾಯಬೇಕು. ಮೀಟರು 3.3ರಾಚೆ ಗಂಟೆಗಟ್ಟಲೆ ಮಿಸುಕದು. ಕೈ ತುರಿಸಿ ವೋಲ್ಟೇಜು ಏರಿಸಿದವರು ಕೆಟ್ಟರು: ಕೊನೆಯಲ್ಲಿ ಅಂಕಿ ದಿಢೀರನೆ ಮೇಲೇಳುತ್ತದೆ, ಆಗ ಅವರು ಊಟಕ್ಕೆ ಹೋಗಿರುತ್ತಾರೆ. ಪೂರ್ತಿ ತುಂಬಿಸಿದರೆ ಸೆಲ್ಲಿಗೆ ಮುಪ್ಪಲ್ಲವೇ ಎಂಬ ಮಾತು ಸುಳ್ಳಲ್ಲ. ತುಂಬಿಸಿಟ್ಟು ಬಿಸಿಲಲ್ಲಿ ತಿಂಗಳುಗಟ್ಟಲೆ ಮರೆತರೆ ಮುಪ್ಪು ಬೇಗ. ಅಪರೂಪಕ್ಕೊಮ್ಮೆ ತುದಿ ಮುಟ್ಟಿಸುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಕರೆಂಟು ಇಳಿಯುತ್ತ ಇಳಿಯುತ್ತ ಒಂದೆರಡು ಆಂಪಿಯರಿಗೆ ಬಂದಾಗ ತಂತಿ ಕಳಚಿ, ಸೆಲ್ಲುಗಳನ್ನು ಬಿಡಿಬಿಡಿಯಾಗಿಟ್ಟು ಅಳೆಯಬೇಕು. 3.65ರಲ್ಲಿ ಯಾವುದೂ ನಿಲ್ಲುವುದಿಲ್ಲ, 3.4ರ ಕಡೆಗೆ ಜಾರತೊಡಗುತ್ತವೆ. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ನೋಡಬೇಕಾದದ್ದು ಜಾರಿದ್ದನ್ನಲ್ಲ, ನಾಲ್ಕೂ ಜೊತೆಜೊತೆಗೆ ಜಾರುತ್ತಿವೆಯೇ ಎಂಬುದನ್ನು.